ನಾಯಿಗೆ ಕಡಲೆಬೀಜ, ಪೀನಟ್ ಬಟರ್: ಎಷ್ಟು ಕೊಡಬಹುದು, ಯಾವುದು ಕೊಡಬಾರದು

ಹಸು ಕಟ್ಟಿದ ಮನೆಯಲ್ಲಿ ನಾಯಿ ಇಲ್ಲದಿರುವುದು ಅಪರೂಪ. ರಾತ್ರಿ ಕೊಟ್ಟಿಗೆ ಬಾಗಿಲಲ್ಲಿ ಮಲಗುವುದು ಅದೇ, ಬೆಳಗಿನ ಜಾವ ನೀವು ಕ್ಯಾನು ಹಿಡಿದು ಡೇರಿಗೆ ಹೊರಟರೆ ಹಿಂದೆಯೇ ಬರುವುದೂ ಅದೇ. ಹಸುವಿನ ಮೇವು, ಹಿಂಡಿ, ಖನಿಜ ಮಿಶ್ರಣದ ಬಗ್ಗೆ ಈ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಓದುತ್ತೀರಿ. ನಾಯಿಯ ಊಟದ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಮುದ್ದೆ ಉಳಿದರೆ ಮುದ್ದೆ, ಅನ್ನ ಉಳಿದರೆ ಅನ್ನ ಮಜ್ಜಿಗೆ, ಅಷ್ಟೇ.

ಈಚೆಗೆ ಮಹಿಳಾ ಸಂಘಗಳ ಸಭೆಗೆ ಹೋದಾಗ ನಾಯಿಯ ಬಗ್ಗೆಯೂ ಪ್ರಶ್ನೆಗಳು ಬರುತ್ತಿವೆ. ಅವುಗಳಲ್ಲಿ ಮೂರು ಕಡಲೆಬೀಜಕ್ಕೆ ಸಂಬಂಧಿಸಿದವು.

"ಮೇಡಂ, ಮಗ ಬೆಂಗಳೂರಿಂದ ಪೀನಟ್ ಬಟರ್ ಡಬ್ಬ ತಂದವ್ನೆ. ಮೊಮ್ಮಗ ತಾನು ಒಂದು ಚಮಚ ತಿಂದು ನಾಯಿಗೂ ಒಂದು ಚಮಚ ನೆಕ್ಕಿಸ್ತಾನೆ. ಏನೂ ಆಗಲ್ವಾ?"

"ಜಂತುಹುಳದ ಮಾತ್ರೆ ಕೊಟ್ರೆ ಉಗಿದುಬಿಡುತ್ತೆ. ಕಡಲೆಬೀಜ ಅರೆದು ಅದರೊಳಗೆ ಇಟ್ಟು ಕೊಡಬಹುದಾ?"

"ಮೂಟೆ ತಳದಲ್ಲಿ ಕಡಲೆಬೀಜ ಬೂಷ್ಟು ಹಿಡಿದಿತ್ತು. ಬಿಸಾಕೋಕೆ ಮನಸ್ಸು ಬರದೆ ನಾಯಿಗೆ ಹಾಕಿದ್ವಿ. ಹಾಲು ಕೊಡೋ ಹಸು ಅಲ್ವಲ್ಲ ಅದು?"

ಮೊದಲನೆಯದಕ್ಕೆ ಉತ್ತರ: ಡಬ್ಬದಲ್ಲಿ ಏನಿದೆ ಎಂದು ನೋಡಿದ ಮೇಲೆ, ಸ್ವಲ್ಪ ಕೊಡಬಹುದು. ಎರಡನೆಯದಕ್ಕೆ: ಕೊಡಬಹುದು, ಒಳ್ಳೆಯ ಉಪಾಯ. ಮೂರನೆಯದಕ್ಕೆ: ಖಂಡಿತ ಬೇಡ. ನಾಯಿಗೂ ಬೇಡ, ಹಸುವಿಗೂ ಬೇಡ, ಕೋಳಿಗೂ ಬೇಡ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಡಲೆಬೀಜ ನಾಯಿಗೆ ವಿಷವಲ್ಲ

ದಕ್ಷಿಣದಲ್ಲಿ ಕಡಲೆಕಾಯಿ, ಉತ್ತರದಲ್ಲಿ ಶೇಂಗಾ. ಹೆಸರು ಏನೇ ಇರಲಿ, ಒಣಗಿದ ಒಳ್ಳೆಯ ಬೀಜವನ್ನು ನಾಯಿ ಸ್ವಲ್ಪ ತಿಂದರೆ ಅಪಾಯವಿಲ್ಲ. ಅದರಲ್ಲಿ ಸುಮಾರು ಕಾಲು ಭಾಗ ಪ್ರೋಟೀನು ಇದೆ, ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ ಇದೆ. ಆ ಎಣ್ಣೆಯ ವಾಸನೆಗೇ ನಾಯಿ ಬಾಲ ಅಲ್ಲಾಡಿಸಿಕೊಂಡು ಬರುವುದು.

ತೊಂದರೆ ಬರುವುದೂ ಆ ಎಣ್ಣೆಯಿಂದಲೇ. ಒಂದೇ ಸಲ ಹೆಚ್ಚು ಜಿಡ್ಡು ಹೊಟ್ಟೆಗೆ ಹೋದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಮೇಲಿಂದ ಮೇಲೆ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ಕುಂಯ್‌ಗುಡುವುದು, ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು ಹಿಂಭಾಗ ಮಾತ್ರ ಮೇಲೆತ್ತಿ ನಿಲ್ಲುವುದು ಇದರ ಗುರುತು. ಹಬ್ಬದ ಮರುದಿನ, ಬಾಡೂಟದ ಮರುದಿನ ಇಂಥ ನಾಯಿಗಳು ಪಶು ಆಸ್ಪತ್ರೆಗೆ ಬರುತ್ತವೆ. ಕಡಲೆಬೀಜವೂ ಜಿಡ್ಡಿನ ಪದಾರ್ಥವೇ. ಆದ್ದರಿಂದ ಅದನ್ನು ಬಾಯಿಚಪಲಕ್ಕೆ ಕೊಡುವ ತಿಂಡಿ ಎಂದು ನೋಡಬೇಕು, ಊಟ ಎಂದಲ್ಲ.

ಸಿಪ್ಪೆ ಸಮೇತ ಕಾಯಿ ಕೊಡಬೇಡಿ. ಸಣ್ಣ ನಾಯಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಹೆಚ್ಚು ತಿಂದರೆ ಸಿಪ್ಪೆಯ ನಾರು ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ಇಡೀ ಬೀಜ ಹಾಕಿದರೆ ಅಗಿಯದೆ ನುಂಗುತ್ತದೆ, ಮರುದಿನ ಹಾಗೇ ಹೊರಗೆ ಬರುತ್ತದೆ. ಕುಟ್ಟಿ ಅಥವಾ ಅರೆದು ಕೊಡುವುದೇ ಸರಿ.

ಇನ್ನೊಂದು ಮಾತು. ನಮ್ಮ ಅಡುಗೆಮನೆಯಲ್ಲಿ ಕಡಲೆಬೀಜ ಬರಿದಾಗಿ ಇರುವುದು ಕಡಿಮೆ. ಶೇಂಗಾ ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿ, ಉಪ್ಪು, ಖಾರ ಇರುತ್ತದೆ. ಇಡ್ಲಿ ಜೊತೆಯ ಕಡಲೆಬೀಜದ ಚಟ್ನಿಗೂ ಬೆಳ್ಳುಳ್ಳಿ, ಹುಣಸೆಹಣ್ಣು ಬೀಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ದಿನ ನೆಕ್ಕಿದರೆ ಗೊತ್ತಾಗುವುದಿಲ್ಲ, ದಿನಾ ಹೋಗುತ್ತಿದ್ದರೆ ರಕ್ತ ಕಡಿಮೆಯಾಗಿ ವಸಡು ಬಿಳಿಚಿಕೊಳ್ಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದು ಹಿಂದಿನಿಂದ ಗೊತ್ತಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಹುಣಸೆಹಣ್ಣಿನಲ್ಲಿ ಅದೇ ಆಮ್ಲ ಧಾರಾಳವಾಗಿದೆ. ಹಾಗಾಗಿ ಚಟ್ನಿ ಉಳಿದರೆ ನಾಯಿ ತಟ್ಟೆಗೆ ಬೇಡ.

ಅಂಗಡಿ ಡಬ್ಬವಾದರೆ ಹಿಂಬದಿ ಓದಿ

ಪೀನಟ್ ಬಟರ್ ಎಂದರೆ ಹುರಿದ ಕಡಲೆಬೀಜವನ್ನು ಎಣ್ಣೆ ಬಿಡುವವರೆಗೆ ನುಣ್ಣಗೆ ಅರೆದದ್ದು. ಹೆಸರಿನಲ್ಲಿ ಬಟರ್ ಇದ್ದರೂ ಅದರಲ್ಲಿ ಬೆಣ್ಣೆ ಇಲ್ಲ, ಹಾಲೂ ಇಲ್ಲ. ಬರೀ ಕಡಲೆಬೀಜ ಇರುವ ಡಬ್ಬಗಳೂ ಸಿಗುತ್ತವೆ. ಸಕ್ಕರೆ, ಉಪ್ಪು, ಬೇರೆ ಎಣ್ಣೆ, ಚಾಕಲೇಟು ಸೇರಿಸಿದವೂ ಸಿಗುತ್ತವೆ. ಚಾಕಲೇಟು ಸೇರಿಸಿದ್ದು ನಾಯಿಗೆ ಬೇಡವೇ ಬೇಡ. ಕೋಕೋದಲ್ಲಿರುವ ಥಿಯೋಬ್ರೊಮಿನ್ ಎಂಬ ಅಂಶ ನಾಯಿಯ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ವಾಂತಿ, ನಡುಕ, ಎದೆ ಬಡಿತ ಹೆಚ್ಚುವುದು, ಕೊನೆಗೆ ಫಿಟ್ಸ್ ಬರುವುದೂ ಉಂಟು.

ಎಲ್ಲಕ್ಕಿಂತ ಮುಖ್ಯವಾಗಿ ಹುಡುಕಬೇಕಾದ ಹೆಸರು ಕ್ಸೈಲಿಟಾಲ್. ಇದು ಸಕ್ಕರೆಯ ಬದಲು ಹಾಕುವ ಸಿಹಿ ಪದಾರ್ಥ. ಡಬ್ಬದ ಮೇಲೆ ಹೆಸರಿನ ಬದಲು ಐಎನ್ಎಸ್ 967 ಅಥವಾ ಇ 967 ಎಂದಷ್ಟೇ ಬರೆದಿರಬಹುದು. "ಶುಗರ್ ಫ್ರೀ" ಎಂದು ದೊಡ್ಡದಾಗಿ ಬರೆದ ಡಬ್ಬ, ಚ್ಯೂಯಿಂಗ್ ಗಮ್, ಮಿಠಾಯಿ, ಕೆಲವು ಟೂತ್‌ಪೇಸ್ಟು, ಬಾಯಿ ಮುಕ್ಕಳಿಸುವ ದ್ರವ, ಇವುಗಳಲ್ಲಿ ಇದು ಇರುತ್ತದೆ. ಶುಗರ್ ಫ್ರೀ ಎಂದಿರುವ ಎಲ್ಲದರಲ್ಲೂ ಇದೇ ಇರುತ್ತದೆ ಎಂದಲ್ಲ. ಆದರೆ ಓದಿ ನೋಡದೆ ನಾಯಿಗೆ ಕೊಡಬಾರದು.

ಮನುಷ್ಯರಿಗೆ ಏನೂ ಮಾಡದ ಈ ಪದಾರ್ಥ ನಾಯಿಗೆ ಯಾಕೆ ವಿಷ? ಕ್ಸೈಲಿಟಾಲ್ ರಕ್ತಕ್ಕೆ ಸೇರಿದ ಕೂಡಲೇ ನಾಯಿಯ ಮೇದೋಜೀರಕ ಗ್ರಂಥಿ ಅದನ್ನು ಸಕ್ಕರೆ ಎಂದೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಯುತ್ತದೆ. ರಕ್ತದಲ್ಲಿದ್ದ ನಿಜವಾದ ಸಕ್ಕರೆ ದಿಢೀರನೆ ಇಳಿಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಾಯಿ ತೂರಾಡುತ್ತದೆ, ಕುಸಿಯುತ್ತದೆ, ಫಿಟ್ಸ್ ಬರುತ್ತದೆ. ಕೆಲವು ಸಲ ಹಲವು ಗಂಟೆ ತಡವಾಗಿಯೂ ಲಕ್ಷಣ ಕಾಣಿಸುತ್ತದೆ. ನಾಯಿಯ ಒಂದು ಕಿಲೋ ತೂಕಕ್ಕೆ 0.1 ಗ್ರಾಂ, ಅಂದರೆ 10 ಕಿಲೋ ನಾಯಿಗೆ 1 ಗ್ರಾಂ ಸಾಕು ಸಕ್ಕರೆ ಇಳಿಯಲು. ಅದರ ಐದು ಪಟ್ಟು ಹೋದರೆ ಯಕೃತ್ತೂ ಕೆಡಬಹುದು.

ಖಾಲಿ ಡಬ್ಬವನ್ನು ತಿಪ್ಪೆಗೆ ಎಸೆಯುವಾಗಲೂ ಎಚ್ಚರ ಬೇಕು. ವಾಸನೆಗೆ ನಾಯಿ ತಲೆ ಒಳಗೆ ತೂರಿಸುತ್ತದೆ, ಪ್ಲಾಸ್ಟಿಕ್ ಡಬ್ಬ ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ನೀರು ಕುಡಿಯಲಾಗದೆ, ಉಸಿರಾಡಲು ಕಷ್ಟಪಟ್ಟು ಊರೆಲ್ಲ ಓಡಾಡುವ ನಾಯಿಗಳನ್ನು ನೀವೂ ನೋಡಿರಬಹುದು. ಡಬ್ಬವನ್ನು ಉದ್ದಕ್ಕೆ ಕತ್ತರಿಸಿ ಎಸೆಯಿರಿ, ಇಲ್ಲವೇ ತೊಳೆದು ಮನೆ ಬಳಕೆಗೆ ಇಟ್ಟುಕೊಳ್ಳಿ.

ಮನೆಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು

ಕಡಲೆಕಾಯಿ ಬೆಳೆಯುವ ನಾಡಿನಲ್ಲಿ ನಾಯಿಗೆಂದು ಡಬ್ಬ ಕೊಳ್ಳುವ ಅಗತ್ಯವಿಲ್ಲ. ಒಂದು ಹಿಡಿ ಬೀಜ ತೆಗೆದುಕೊಂಡು ಮೊದಲು ತಟ್ಟೆಯಲ್ಲಿ ಹರಡಿ ಆರಿಸಿ. ಸುಕ್ಕಿದ್ದು, ಕಪ್ಪಾದದ್ದು, ಹಸಿರು ಹಳದಿ ಪುಡಿ ಅಂಟಿದ್ದು, ಹುಳು ಕೊರೆದದ್ದು, ಮುಗ್ಗಲು ವಾಸನೆ ಬರುವುದು ಎಲ್ಲವನ್ನೂ ತೆಗೆಯಿರಿ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ನೀರು ಹಾಕದೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಅರೆಯಿರಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಉಪ್ಪು, ಬೆಲ್ಲ, ಸಕ್ಕರೆ ಏನೂ ಬೇಡ. ಗಾಜಿನ ಅಥವಾ ಸ್ಟೀಲಿನ ಡಬ್ಬದಲ್ಲಿ ಒಣ ಚಮಚ ಬಳಸಿ ಒಂದು ವಾರಕ್ಕೆ ಆಗುವಷ್ಟು ಮಾತ್ರ ಮಾಡಿಕೊಳ್ಳಿ. ಮಕ್ಕಳೂ ರೊಟ್ಟಿಗೆ ಹಚ್ಚಿಕೊಂಡು ತಿನ್ನಬಹುದು.

ಎಷ್ಟು ಕೊಡಬೇಕು?

ನಾಯಿಯ ದಿನದ ಆಹಾರದಲ್ಲಿ ಇಂಥ ತಿಂಡಿಗಳೆಲ್ಲ ಸೇರಿ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ನಾವು ಪಾಲಿಸುವ ಲೆಕ್ಕ. ಒಂದು ಟೀ ಚಮಚ ಕಡಲೆಬೀಜದ ಪೇಸ್ಟಿನಲ್ಲಿ ಸುಮಾರು 30 ಕ್ಯಾಲೊರಿ ಇರುತ್ತದೆ. 5 ಕಿಲೋ ತೂಗುವ ಪೊಮೇರಿಯನ್‌ಗೆ ಇಡೀ ದಿನಕ್ಕೆ ಬೇಕಾದದ್ದು 350ರಿಂದ 400 ಕ್ಯಾಲೊರಿ. ಅದಕ್ಕೆ ಒಂದು ಚಮಚವೇ ಮಿತಿ ಮುಟ್ಟಿದಂತೆ. ಹಾಗಾಗಿ ಹೀಗೆ ಇಟ್ಟುಕೊಳ್ಳಿ:

- 5 ಕಿಲೋ ಆಸುಪಾಸಿನ ಸಣ್ಣ ನಾಯಿಗೆ ಅರ್ಧ ಟೀ ಚಮಚ.
- 12ರಿಂದ 20 ಕಿಲೋ ತೂಗುವ ನಾಟಿ ನಾಯಿಗೆ ಒಂದು ಟೀ ಚಮಚ.
- ಮುಧೋಳ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗೆ ಹೆಚ್ಚೆಂದರೆ ಎರಡು ಟೀ ಚಮಚ.

ಇದು ಕೂಡ ವಾರಕ್ಕೆ ಎರಡು ಮೂರು ದಿನ ಸಾಕು. ಮೊದಲ ಸಲ ಬಟಾಣಿ ಕಾಳಿನಷ್ಟು ಕೊಟ್ಟು ಒಂದು ದಿನ ನೋಡಿ. ಮೈ ಕೆರೆತ, ಮುಖ ಊದುವುದು, ಭೇದಿ ಕಂಡರೆ ಆ ನಾಯಿಗೆ ಕಡಲೆಬೀಜ ಆಗುವುದಿಲ್ಲ ಎಂದು ಅರ್ಥ. ಮೂರು ತಿಂಗಳೊಳಗಿನ ಮರಿಗೆ, ತುಂಬಾ ದಪ್ಪಗಾದ ನಾಯಿಗೆ, ಹಿಂದೆ ಮೇದೋಜೀರಕ ಗ್ರಂಥಿಯ ತೊಂದರೆ ಬಂದಿದ್ದ ನಾಯಿಗೆ ಕೊಡುವುದು ಬೇಡ.

ಮಾತ್ರೆ ನುಂಗಿಸಲು ಇದೇ ಉಪಾಯ

ಕಡಲೆಬೀಜದ ಪೇಸ್ಟಿನ ನಿಜವಾದ ಉಪಯೋಗ ಇಲ್ಲಿದೆ. ಹೈನುಗಾರರ ಮನೆಯ ನಾಯಿಗೆ ಜಂತುಹುಳದ ಮಾತ್ರೆ ಕೊಡುವುದು ನಾಯಿಗಾಗಿ ಮಾತ್ರವಲ್ಲ. ಕುರಿ, ಮೇಕೆ, ದನದ ಹಸಿ ಕರುಳು, ಯಕೃತ್ತು ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಬಗೆಯ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಮೇವಿಗೆ, ನೀರಿಗೆ ಸೇರುತ್ತವೆ. ಆ ಮೇವು ತಿಂದ ಹಸುವಿನ ಯಕೃತ್ತು, ಶ್ವಾಸಕೋಶದಲ್ಲಿ ನೀರು ತುಂಬಿದ ಗಂಟುಗಳಾಗುತ್ತವೆ. ನಾಯಿ ಮುಟ್ಟಿ ಕೈ ತೊಳೆಯದೆ ಊಟ ಮಾಡುವ ಮಕ್ಕಳಿಗೂ ಅದೇ ಗಂಟು ಆಗಬಹುದು. ಆದ್ದರಿಂದ ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಬೇಕೇ ಬೇಕು. ಹಸಿ ಕರುಳು ಹಾಕುವುದನ್ನೂ ಬಿಡಬೇಕು.

ಕೊಡುವ ಕ್ರಮ ಸುಲಭ. ಗೋಲಿ ಗಾತ್ರದ ಮೂರು ಉಂಡೆ ಮಾಡಿ. ಒಂದರಲ್ಲಿ ಮಾತ್ರ ಮಾತ್ರೆ ಇಡಿ. ಮೊದಲು ಬರಿ ಉಂಡೆ ಕೊಡಿ, ಎರಡನೆಯದು ಮಾತ್ರೆ ಇರುವ ಉಂಡೆ, ಅದು ನುಂಗುತ್ತಿರುವಾಗಲೇ ಮೂರನೆಯದನ್ನು ತೋರಿಸಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಉಂಡೆ ಹಿಡಿದ ಕೈಯಿಂದಲೇ ಮಾತ್ರೆ ಮುಟ್ಟಬೇಡಿ, ಕಹಿ ಹೊರಗೆ ಅಂಟಿದರೆ ನಾಯಿಗೆ ತಕ್ಷಣ ಗೊತ್ತಾಗುತ್ತದೆ.

ಮಾತ್ರೆ ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳಬೇಕು. ಹಸುವಿಗೆ ತಂದ ಜಂತುಹುಳದ ಔಷಧಿಯಲ್ಲಿ ಉಳಿದದ್ದನ್ನು, ನಿಮ್ಮ ಮೈಕೈ ನೋವಿನ ಮಾತ್ರೆಯನ್ನು ಉಂಡೆಯಲ್ಲಿಟ್ಟು ಕೊಡಬೇಡಿ. ನಮಗೆ ನೋವು ಇಳಿಸುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಹುಚ್ಚುನಾಯಿ ರೋಗದ ಲಸಿಕೆಗೆ ಮಾತ್ರ ಯಾವ ಉಂಡೆಯೂ ಬದಲಿಯಲ್ಲ. ಅದು ಚುಚ್ಚುಮದ್ದೇ ಆಗಬೇಕು, ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ.

ಬೂಷ್ಟು ಹಿಡಿದ ಬೀಜ: ನಾಯಿಗೆ ಹಾಕಿದರೆ ಏನಾಗುತ್ತದೆ?

ಈಗ ಮೂರನೆಯ ಪ್ರಶ್ನೆ. ಕಡಲೆಬೀಜ, ಮೆಕ್ಕೆಜೋಳ, ಹತ್ತಿಬೀಜದ ಮೇಲೆ ತೇವ ಇದ್ದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವುಗಳ ಆಹಾರದಲ್ಲಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಬಂದಿದ್ದು ಗೊತ್ತಾಯಿತು. ಈ ವಿಷ ಲೋಕಕ್ಕೆ ಪರಿಚಯವಾದದ್ದೇ ಕಡಲೆಕಾಯಿ ಹಿಂಡಿಯಿಂದ.

ನಮ್ಮ ದೇಶದಲ್ಲೇ ಆದದ್ದನ್ನೂ ಹೇಳಬೇಕು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ತೀರಿಕೊಂಡರು. ಆ ಮನೆಗಳಲ್ಲಿ ಅದೇ ಊಟ ತಿಂದ ನಾಯಿಗಳಿಗೂ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಮನೆಯವರ ಊಟವೇ ನಾಯಿಯ ಊಟವಾಗಿತ್ತು.

ಈ ವಿಷಕ್ಕೆ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ನಾಯಿಯೂ ಒಂದು. ಅದು ನೇರ ಯಕೃತ್ತಿಗೆ ಹೋಗುತ್ತದೆ. ಮೊದಲು ಊಟ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ. ಆಮೇಲೆ ಕಣ್ಣಿನ ಬಿಳಿ, ವಸಡು ಹಳದಿಯಾಗುತ್ತದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಮಲ ಟಾರಿನಂತೆ ಕಪ್ಪಾಗುತ್ತದೆ. ಈ ಹಂತದಲ್ಲಿ ಬಂದ ನಾಯಿಯನ್ನು ಉಳಿಸಿಕೊಳ್ಳುವುದು ಕಷ್ಟ. ನಾನು ನೋಡಿದ ಒಂದು ಮನೆಯಲ್ಲಿ ನಾಯಿ ಹಳದಿಯಾಗಿ ಸತ್ತ ಮೇಲೆ ಮನೆಯಾಕೆ ಹೇಳಿದ್ದು, "ಹಾವು ಕಚ್ಚಿರಬೇಕು ಅಂದ್ಕೊಂಡ್ವಿ." ಹದಿನೈದು ದಿನದಿಂದ ಅದಕ್ಕೆ ಹಾಕುತ್ತಿದ್ದದ್ದು ಅಟ್ಟದ ಮೇಲೆ ಸೋರಿಕೆಗೆ ನೆನೆದ ಬೀಜ. ಅದೇ ಚೀಲದ ಬೀಜವನ್ನು ಕುಟ್ಟಿ ಹಸುವಿನ ಬೂಸಾಕ್ಕೂ ಬೆರೆಸುತ್ತಿದ್ದರು. ಚೀಲವನ್ನು ಅಂದೇ ಗುಂಡಿ ತೆಗೆದು ಹೂಳಿಸಿದೆವು.

ಹುರಿದರೆ, ಬೇಯಿಸಿದರೆ ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ಮನೆಯ ಒಲೆಯ ಬಿಸಿಗೆ ಅದು ಪೂರ್ತಿ ಹಾಳಾಗುವುದಿಲ್ಲ. ತೊಳೆದು ಒಣಗಿಸಿದರೂ ಹೋಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ಒಳಗೆ ವಿಷ ಇರಬಹುದು. ಆದ್ದರಿಂದ ಮುಗ್ಗಲು ವಾಸನೆ ಬಂದರೆ ಅನುಮಾನವೇ ಬೇಡ.

ಹಸುವಿಗೆ ಹಾಕಿದರೆ ಹಾಲಿಗೆ ಬರುತ್ತದೆ

ಹಸು ನಾಯಿಯಷ್ಟು ಬೇಗ ಕಾಯಿಲೆ ಬೀಳುವುದಿಲ್ಲ. ಅದಕ್ಕೇ ಜನ ಮೋಸ ಹೋಗುವುದು. ಮೇಲೆ ಗಟ್ಟಿಯಾಗಿ ಕಾಣುವ ಹಸು ವಿಷದ ಒಂದು ಭಾಗವನ್ನು ಅಫ್ಲಾಟಾಕ್ಸಿನ್ ಎಂ1 ರೂಪದಲ್ಲಿ ಹಾಲಿಗೆ ಬಿಡುತ್ತದೆ. ಬೂಷ್ಟು ಹಿಂಡಿ ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಅದು ಸಿಗುತ್ತದೆ. ಹಾಲು ಕಾಯಿಸಿದರೂ, ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಅದರಲ್ಲೂ ಅರ್ಧ.

ನಿಮ್ಮ ಕ್ಯಾನಿನ ಹಾಲು ಸಂಘದಲ್ಲಿ ನೂರು ಮನೆಯ ಹಾಲಿನ ಜೊತೆ ಬೆರೆಯುತ್ತದೆ. ಅದಕ್ಕೂ ಮೊದಲು ನಿಮ್ಮ ಮನೆಯ ಮಗು ಅದೇ ಹಾಲು ಕುಡಿಯುತ್ತದೆ. ಕೆಟ್ಟ ಆಹಾರ ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಅದು ಇಳಿಯುತ್ತದೆ, ಇದೊಂದು ಸಮಾಧಾನ. ನಿಲ್ಲಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ತಡೆಯುವ ದಾರಿ ಹೊಸದೇನಲ್ಲ. ಕಿತ್ತ ಕಡಲೆಕಾಯಿಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ತೇವಾಂಶ ನೂರಕ್ಕೆ 8ಕ್ಕಿಂತ ಕಡಿಮೆ ಇರಬೇಕು. ಕಾಯಿ ಒಡೆದದ್ದನ್ನು ಬೇರೆ ಮಾಡಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಮರದ ಹಲಗೆ ಮೇಲೆ ಇಡಿ. ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ಮೂಸಿ ನೋಡಿ. ಮಳೆಗೆ ನೆನೆದ ಕಡಲೆಬಳ್ಳಿ ಬೂಷ್ಟು ಹಿಡಿದಿದ್ದರೆ ಅದೂ ಬೇಡ. ಕೆಟ್ಟದ್ದನ್ನು ತಿಪ್ಪೆಗೆ ಚೆಲ್ಲಬೇಡಿ, ಕೋಳಿ ಕೆದಕುತ್ತದೆ, ನಾಯಿ ತಿನ್ನುತ್ತದೆ. ಗುಂಡಿ ತೋಡಿ ಹೂಳಿ.

ತಿನ್ನಬಾರದ್ದು ತಿಂದುಬಿಟ್ಟರೆ

ಏನು ತಿಂದಿತು, ಎಷ್ಟು, ಯಾವಾಗ ಎಂಬುದನ್ನು ಗುರುತು ಮಾಡಿಕೊಂಡು ಡಬ್ಬದ ಸಮೇತ ಪಶುವೈದ್ಯರ ಹತ್ತಿರ ಹೋಗಿ. ಕ್ಸೈಲಿಟಾಲ್ ಇದ್ದದ್ದು ತಿಂದಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ನಾಯಿ ತೂರಾಡುತ್ತಿದ್ದರೆ ಜೇನು ಅಥವಾ ಗಟ್ಟಿ ಸಕ್ಕರೆ ಪಾಕವನ್ನು ಬೆರಳಿನಿಂದ ವಸಡಿಗೆ ಸವರಿ, ದಾರಿಯಲ್ಲೂ ಸವರುತ್ತಿರಿ. ಫಿಟ್ಸ್ ಬರುತ್ತಿದ್ದರೆ ಬಾಯಿಗೆ ಬೆರಳಿಡಬೇಡಿ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ಅಭ್ಯಾಸ ನಮ್ಮಲ್ಲಿದೆ, ಅದರಿಂದಲೇ ಅಪಾಯ ಹೆಚ್ಚುತ್ತದೆ. ಪಶು ಆಸ್ಪತ್ರೆ ದೂರವಿದ್ದರೆ ಸಂಘದ ಕಾರ್ಯದರ್ಶಿಯ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ, ಅಥವಾ ಸರ್ಕಾರದ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕೊಟ್ಟಿಗೆ ಗೋಡೆಗೆ ಅಂಟಿಸಿಕೊಳ್ಳಿ

- ನಾಯಿಗೆ ಹುರಿದು ಅರೆದ ಬರಿ ಕಡಲೆಬೀಜ ಮಾತ್ರ. ಉಪ್ಪು, ಬೆಳ್ಳುಳ್ಳಿ, ಹುಣಸೆ, ಚಾಕಲೇಟು ಸೇರಿದ್ದು ಬೇಡ.
- ಅಂಗಡಿ ಡಬ್ಬದಲ್ಲಿ ಕ್ಸೈಲಿಟಾಲ್ ಅಥವಾ 967 ಎಂದಿದ್ದರೆ ನಾಯಿ ಹತ್ತಿರ ಸುಳಿಯಬಾರದು.
- ನಾಟಿ ನಾಯಿಗೆ ಒಂದು ಟೀ ಚಮಚ, ವಾರಕ್ಕೆ ಎರಡು ಮೂರು ಸಲ.
- ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಉಂಡೆಯಲ್ಲಿಟ್ಟು.
- ಬೂಷ್ಟು ಹಿಡಿದದ್ದು ಯಾರ ತಟ್ಟೆಗೂ ಬೇಡ, ಯಾವ ಬಾನಿಗೂ ಬೇಡ. ಮಣ್ಣಿಗೆ ಸೇರಲಿ.